ಉಕ್ಕಿನ ವಿಲೋ ಮರ

1914ರ ಯುದ್ಧಕ್ಕೆ ಮುಂಚೆ ಪ್ಯಾರಿಸ್ಸಿನ ಪತ್ರಿಕೆಗಳು, ಆಕಾರಗಳನ್ನು ಒಡೆದು ಚೂರುಚೂರಾಗಿ ಜೋಡಿಸುವ ನಮ್ಮ ಕ್ಯೂಬಿಸ್ಟ್ ಚಿತ್ರಗಳನ್ನು ಜರ್ಮನ್ ಹುಚ್ಚು ಎಂದು ಉಗಿಯುತ್ತಿದ್ದವು. ಯುದ್ಧ ಬಂದಮೇಲೆ ನಮ್ಮ ಸೈನ್ಯವೇ ನಮ್ಮನ್ನು ಕರೆದು, ಜರ್ಮನರ ಕಣ್ಣಿಗೆ ಮಣ್ಣೆರಚುವ ಕೆಲಸ ಕೊಟ್ಟಿತು.

ನಮ್ಮ ಕಂದಕದ ಮುಂದೆ ಗುಂಡು ತಿಂದು ಒಣಗಿದ ವಿಲೋ ಮರವೊಂದಿತ್ತು. ಉಕ್ಕಿನ ತಗಡಿನಲ್ಲಿ ಅದರ ಟೊಳ್ಳು ತದ್ರೂಪು ಮಾಡಿಸಿ, ಅದರ ಮೈಮೇಲಿದ್ದ ಏಳು ಗುಂಡಿನ ಗುರುತುಗಳನ್ನೂ ನಾನೇ ಕಪ್ಪು ಎಣ್ಣೆಬಣ್ಣದಲ್ಲಿ ಬರೆದೆ. ಮರುರಾತ್ರಿ ಸೈನಿಕರು ನಿಜವಾದ ಮರ ಕಡಿದು ನಮ್ಮದನ್ನು ನಿಲ್ಲಿಸಿದರು. ಬೆಳಿಗ್ಗೆ ಅರ್ಮೆಲ್ ಎಂಬ ಸೈನಿಕ ಶತ್ರುಗಳ ಮೇಲೆ ಕಣ್ಣಿಡಲು ಅದರೊಳಗೆ ಹತ್ತಿ ಕೂತ.

ಕಂದಕ ಮುಂದಕ್ಕೆ ಚಾಚಿದ್ದ ತಿರುವಿನಿಂದ ನಾನು ಮರದ ಶತ್ರುಗಳ ಕಡೆಯ ಮೈಯನ್ನು ದುರ್ಬೀನಿನಲ್ಲಿ ನೋಡಿದೆ. ಗುರುತುಗಳು ಎಂಟಿದ್ದವು. ಎಂಟನೆಯದು ಅವನ ಹಣೆಯ ಮಟ್ಟದಲ್ಲಿತ್ತು. ಇಂಥದ್ದರಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಕಂದಕದಿಂದ ಮರದ ಬುಡಕ್ಕೆ ತೋಡಿದ್ದ ಸುರಂಗಕ್ಕೆ ನುಗ್ಗಿ ಅವನನ್ನು ಕೆಳಗೆ ಕರೆದೆ.

"ಏನ್ರೀ ಚಿತ್ರಗಾರ್ರೇ, ಈಗಷ್ಟೇ ಕೂತಿದ್ದೆ," ಎಂದು ಗೊಣಗುತ್ತ ಇಳಿದ. "ಹೊರಗೆ ಕೊರೆಯೋ ಚಳಿ, ಆ ಸೀಟು ಮಾತ್ರ ಬೆಚ್ಚಗಿತ್ತು. ಯಾರೋ ಆಗತಾನೆ ಎದ್ದು ಹೋದ ಹಾಗೆ."

"ಗುರುತು ಒಂದು ಜಾಸ್ತಿ ಇದೆ ಕಣೋ."

"ಒಂದು ಮೂಗನ್ನ ಮೂರು ಮಾಡಿ ಬರೆಯೋರು ನೀವು. ನಿಮಗ್ಯಾಕೆ ಲೆಕ್ಕ?"

ಅವನು ನಗುತ್ತಿರುವಾಗಲೇ ಮೇಲೆ ತಗಡು ಠಣ್ ಎಂದಿತು. ಗುಂಡು ಎಂಟನೆಯ ಗುರುತಿನ ನಟ್ಟನಡುವೆ ತೂರಿ ಬಂದಿತ್ತು.

ಮುಸ್ಸಂಜೆಗೆ ತೆವಳಿಕೊಂಡು ಹೋಗಿ ಮುಟ್ಟಿ ನೋಡಿದೆ. ಆ ಎಣ್ಣೆಬಣ್ಣ ಒಣಗಲು ವಾರ ಬೇಕು. ನಾನು ಬರೆದ ಏಳೂ ಬೆರಳಿಗೆ ಅಂಟಿದವು. ತೂತಿನ ಸುತ್ತ ಎಂಟನೆಯದರ ಬಣ್ಣ ಮಾತ್ರ ಎಷ್ಟೋ ವರ್ಷ ಹಳೆಯದರಂತೆ ಒಣಗಿ, ಬಿರುಕು ಬಿಟ್ಟು, ಪುಡಿಯಾಗಿ ಉದುರಿತು.