ಹೆಸರಿಲ್ಲದ ಹನಿಗಳ ಗುಹೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯ ಎಡಗಡೆ ಮಾತ್ರ ಬೋಳಿಸಿ, ಪೇಟೆಬೀದಿಯಲ್ಲಿ ನಡೆಸಿ. ಆಣೆ ಇಟ್ಟಾಯಿತು, ಇನ್ನು ಕೇಳಿ.

ಬಹಳ ಹಿಂದೆ, ನನ್ನ ಮುತ್ತಾತ ಹುಟ್ಟುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಕಾಲದಲ್ಲಿ, ಏಳೂವರೆ ಬೆಟ್ಟದ ರಾಜ್ಯ ಅಂತ ಒಂದಿತ್ತು. ಎಂಟನೆಯ ಬೆಟ್ಟ ಬೇಜಾರಾಗಿ ಅರ್ಧಕ್ಕೇ ಬೆಳೆಯುವುದನ್ನು ಬಿಟ್ಟಿತ್ತು. ಆ ರಾಜ್ಯದಲ್ಲಿ ದುಂಡವ್ವ ಎಂಬ ಹಚ್ಚೆ ಹಾಕುವವಳು. ಅವಳು ಸೂಜಿ ಚುಚ್ಚಿದರೆ ಅಳುವ ಬದಲು ಜನ ನಗುತ್ತಿದ್ದರು, ಅಷ್ಟು ಮಾತುಗಾರ್ತಿ.

ಒಂದು ವರ್ಷ ಕಲ್ಲುಜ್ವರ ಬಂತು. ಕಾಲಿನ ಕಿರುಬೆರಳಿನಿಂದ ಶುರುವಾಗಿ ಮೈ ಮೆಲ್ಲಗೆ ಕಲ್ಲಾಗುವ ರೋಗ. ದುಂಡವ್ವನ ಮಗಳು ಸಣ್ಣೀರಿಗೆ ಮೊಣಕಾಲಿನವರೆಗೆ ಕಲ್ಲಾಯಿತು.

ಅರಮನೆಯ ಪಂಡಿತ ರಾಣಿಗೆ ಹೇಳಿದ: "ತಾಯೀ, ಹತ್ತು ಜನರ ರಕ್ತ ನೋಡಿದರೆ ರೋಗ ಅಡಗಿ ಕೂರುತ್ತದೆ. ಹತ್ತು ಸಾವಿರ ಜನರದು ಬೇಕು. ಕಾಯಿಲೆಯವರದೂ ಬೇಕು, ಗಟ್ಟಿಮುಟ್ಟಾದವರದೂ ಬೇಕು. ಪಕ್ಕಪಕ್ಕ ಇಟ್ಟು ನೋಡಿದರೆ ಸಿಕ್ಕಿಬೀಳುತ್ತದೆ."

ರಾಣಿ ದುಂಡವ್ವನನ್ನು ಕರೆಸಿದಳು. ನಗುನಗುತ್ತಾ ರಕ್ತ ಕೊಡಿಸಬಲ್ಲವರು ಬೇರೆ ಯಾರಿದ್ದರು?

ದುಂಡವ್ವ ಮನೆಮನೆಗೆ ಹೋದಳು. "ಅಕ್ಕಾ, ಒಂದು ಹನಿ ಕೊಡ್ತೀಯಾ? ನಿನಗೇ ಮದ್ದು ಸಿಗುತ್ತೆ ಅಂತ ನಾನು ಹೇಳಲ್ಲ. ನಿನ್ನ ಮೊಮ್ಮಕ್ಕಳಿಗೆ ಸಿಗಬಹುದು. ಬೇಡ ಅಂದ್ರೂ ಬೇಜಾರಿಲ್ಲ."

"ಆಮೇಲೆ ಮನಸ್ಸು ಬದಲಾದ್ರೆ?"

"ಹನಿ ತೆಗೆದ ಕಡೆ ಒಂದು ಹಚ್ಚೆ ಹಾಕ್ತೀನಿ, ಕುಪ್ಪಿಗೂ ಅದೇ ಗುರುತು. ಹಚ್ಚೆ ತೋರಿಸು, ನಿನ್ನ ಕುಪ್ಪಿ ವಾಪಸ್ ತಗೊಂಡು ಹೋಗು. ಯಾಕೆ ಅಂತ ನಾಯಿಯೂ ಕೇಳಲ್ಲ."

ಒಬ್ಬ ಗಡ್ಡದಜ್ಜ ಹಾಗೆಯೇ ಬಂದು ವಾಪಸ್ ತೆಗೆದುಕೊಂಡ. ದುಂಡವ್ವ ಮಜ್ಜಿಗೆ ಕೊಟ್ಟು ಕಳಿಸಿದಳು.

ಕುಪ್ಪಿಗಳೆಲ್ಲ ಅರ್ಧಬೆಟ್ಟದ ಮಂಜಿನ ಗುಹೆ ಸೇರಿದವು. ಒಂದು ತಪ್ಪು ಮಾತ್ರ ಆಯಿತು. ಕಡತದಲ್ಲಿ ಗುರುತಿನ ಎದುರು ಹೆಸರು ಬರೆಯಬೇಕಿತ್ತು. ದುಂಡವ್ವ ಹುಟ್ಟಿದಾಗಿನಿಂದ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಕರೆದಂತೆಯೇ ಬರೆಸಿದಳು: ಚೇಳು, ಮಾವ. ನವಿಲು, ಅಕ್ಕ. ಬಾಳೆಗೊನೆ, ದೊಡ್ಡಮ್ಮ. ಕಡತ ಬರೆಯುತ್ತಿದ್ದ ಕರಣಿಕ ತಲೆ ಚಚ್ಚಿಕೊಂಡ. "ಇದೇನವ್ವಾ, ನೆಂಟರ ಪಟ್ಟಿಯಾ?"

ಗುಹೆಯ ಬಾಗಿಲಿಗೆ ಏಳು ತಲೆಯ ಕರಡಿ ಕಾವಲು. ಹನಿ ಕೇಳಿ ಬಂದವರಿಗೆ ಅದು ಮೂರೇ ಪ್ರಶ್ನೆ ಹಾಕುತ್ತಿತ್ತು: "ಯಾಕೆ ಬೇಕು? ಎಷ್ಟು ಬೇಕು? ಕಲಿತದ್ದನ್ನು ಯಾರಿಗೆ ಹೇಳ್ತೀಯ?"

ಆ ನಾಡಿನಲ್ಲಿ ಝಂಪಾಲ ಎಂಬ ಮಂತ್ರವಾದಿ ಇದ್ದ. ಒಂದು ಹನಿ ರಕ್ತ, ಒಂದು ಹೆಸರು ಸಿಕ್ಕರೆ ಸಾಕು, ಆ ಮನುಷ್ಯನನ್ನು ಮರದ ಗೊಂಬೆ ಮಾಡಿ ಕುಣಿಸುತ್ತಿದ್ದ. ಹನಿಯಲ್ಲಿ ಮಂತ್ರಕ್ಕೆ ಬಲ, ಹೆಸರಿನಲ್ಲಿ ಮಂತ್ರಕ್ಕೆ ದಾರಿ. ಇಡೀ ರಾಜ್ಯವೇ ಒಂದು ಗುಹೆಯಲ್ಲಿದೆ ಎಂದು ಕೇಳಿ ಅವನ ಬಾಯಲ್ಲಿ ನೀರೂರಿತು.

ಮೊದಲ ಸಲ ಸನ್ಯಾಸಿಯ ವೇಷದಲ್ಲಿ ಬಂದ.

"ಯಾಕೆ ಬೇಕು?"

"ಲೋಕಕಲ್ಯಾಣಕ್ಕೆ."

"ಎಷ್ಟು ಬೇಕು?"

"ಎಲ್ಲಾ!"

ಕರಡಿ ಅವನನ್ನು ಮೂರನೆಯ ಬೆಟ್ಟಕ್ಕೆ ಎಸೆಯಿತು. ಅಷ್ಟರಲ್ಲಿ ಸಣ್ಣೀರಿಗೆ ಸೊಂಟದವರೆಗೆ ಕಲ್ಲಾಗಿತ್ತು.

ಎರಡನೆಯ ಸಲ ವೈದ್ಯನ ವೇಷದಲ್ಲಿ ಬಂದ.

"ಯಾಕೆ?"

"ಜ್ವರಕ್ಕೆ ಮದ್ದು ಹುಡುಕೋಕೆ."

"ಎಷ್ಟು?"

"ಒಂದು ಚಿಟಿಕೆ."

"ಕಲಿತದ್ದನ್ನು ಯಾರಿಗೆ ಹೇಳ್ತೀಯ?"

"ಯಾರಿಗಾದ್ರೂ ಯಾಕಪ್ಪಾ ಹೇಳಲಿ?"

ಈ ಸಲ ಐದನೆಯ ಬೆಟ್ಟ. ಸಣ್ಣೀರಿಗೆ ಎದೆಯವರೆಗೆ ಕಲ್ಲು.

ಈ ನಡುವೆ ಹೊಳೆಯಾಚೆಯ ನಾಡಿನಿಂದ ಮುದುಕಿ ವೈದ್ಯೆಯೊಬ್ಬಳು ಬಂದು, ಮೂರು ಪ್ರಶ್ನೆಗೂ ನೆಟ್ಟಗೆ ಉತ್ತರ ಹೇಳಿ, ನೂರು ಕುಪ್ಪಿಗಳಿಂದ ಸಾಸಿವೆಯಷ್ಟು ತೆಗೆದುಕೊಂಡು ಹೋದಳು.

ಮೂರನೆಯ ಸಲ ಝಂಪಾಲ ವೇಷವಿಲ್ಲದೆ ಬಂದ. ಏಳು ಗಡಿಗೆ ಜೇನು ಇಟ್ಟು ಕರಡಿಯನ್ನು ಮಲಗಿಸಿದ. ಒಳಗೆ ದುಂಡವ್ವ ಒಬ್ಬಳೇ ಮಂಜು ಒರೆಸುತ್ತಿದ್ದಳು.

"ಕಡತ ಕೊಡು ದುಂಡಿ. ನಿನ್ನ ಮಗಳ ಕಲ್ಲು ಈಗಿಂದೀಗಲೇ ಬಿಡಿಸ್ತೀನಿ."

ದುಂಡವ್ವನ ಕೈ ಕಡತದ ಮೇಲೆಯೇ ಇತ್ತು. ಕೊಟ್ಟರೆ ಮಗಳು ಸಂಜೆಗೆ ಅಂಗಳದಲ್ಲಿ ಓಡುತ್ತಾಳೆ. ಕಣ್ಣಿಂದ ನೀರು ಬಿದ್ದು ಮಂಜಿನ ಮಣಿಯಾಯಿತು.

"ನಂದಾಗಿದ್ರೆ ಕೊಡ್ತಿದ್ದೆ ಕಣಪ್ಪಾ," ಎಂದಳು. "ಇದು ನನ್ನ ನಂಬಿ ಕೊಟ್ಟವರದು."

ಅವನು ಕಡತ ಕಿತ್ತುಕೊಂಡ, ಚೇಳಿನ ಗುರುತಿನ ಕುಪ್ಪಿ ಎತ್ತಿಕೊಂಡ, ಗುರುತಿನ ಎದುರು ಇದ್ದದ್ದನ್ನು ಹಿಂದೆಮುಂದೆ ನೋಡದೆ ಗಟ್ಟಿಯಾಗಿ ಕೂಗಿದ: "ಮಾವ ಗೊಂಬೆಯಾಗಲಿ!"

ಮಂತ್ರ ಗಕ್ಕನೆ ನಿಂತಿತು. ಯಾವ ಮಾವ? ಏಳೂವರೆ ಬೆಟ್ಟದಲ್ಲಿ ನಲವತ್ತು ಸಾವಿರ ಮಾವಂದಿರು!

ದುಂಡವ್ವ ಮೆಲ್ಲಗೆ ಕೇಳಿದಳು, "ನಿನಗೆ ಅಕ್ಕತಂಗಿ ಯಾರೂ ಇಲ್ವೇನಪ್ಪಾ?"

"ಒಬ್ಬಳು ತಂಗಿ ಇದ್ದಾಳೆ. ಅವಳಿಗೊಬ್ಬ ತುಂಟ ಮಗ…" ಎನ್ನುತ್ತಲೇ ಝಂಪಾಲನ ಮುಖ ಬಿಳಿಚಿಕೊಂಡಿತು. ಮಂತ್ರಕ್ಕೆ ಹತ್ತಿರದ ಮಾವ ಸಿಕ್ಕಿಬಿಟ್ಟಿದ್ದ. ಕಾಲು ಟಕ್ ಎಂದಿತು, ಮರ. ಸೊಂಟ ಟಕ್, ಮರ. ಮೂಗೂ ಟಕ್. ಉಳಿದ ಚೂರುಪಾರು ಮಂತ್ರ ನಾಡಿನ ಮಾವಂದಿರಿಗೆಲ್ಲ ಹಂಚಿಹೋಗಿ, ಎಲ್ಲರ ಕಿರುಬೆರಳೂ ಒಮ್ಮೆ ಜುಮ್ಮೆಂದಿತು, ಅಷ್ಟೆ. ಅವನು ಗೊಂಬೆ ಮಾಡಿದ್ದವರೆಲ್ಲ ಆಕಳಿಸಿ ಎದ್ದು ಮನುಷ್ಯರಾದರು.

ವಾರದೊಳಗೆ ಹೊಳೆಯಾಚೆಯ ವೈದ್ಯೆಯ ಓಲೆ ಗುಹೆಗೆ ಬಂತು. ಜ್ವರ ತಟ್ಟದವರ ರಕ್ತದಲ್ಲೆಲ್ಲ ಒಂದು ಹಸಿರು ಮಿಣುಕು ಕಂಡಿದೆ, ಆ ಮಿಣುಕು ಮೂಡಿಸುವ ಸೊಪ್ಪು ಇಂಥದ್ದು, ಎಲ್ಲರಿಗೂ ತಿಳಿಸಿ, ಎಂದು ಬರೆದಿದ್ದಳು. ಅದನ್ನು ಓದಿ ಅರಮನೆಯ ಪಂಡಿತ ಕಷಾಯ ಕುದಿಸಿದ. ಕುತ್ತಿಗೆಯವರೆಗೆ ಕಲ್ಲಾಗಿದ್ದ ಸಣ್ಣೀರಿಯ ಬಾಯಿಗೆ ದುಂಡವ್ವ ಚಮಚದಲ್ಲಿ ಹಾಕಿ ಕಾದು ಕೂತಳು.

"ಅವ್ವಾ," ಎಂದಳು ಸಣ್ಣೀರಿ, "ಅಂಗಾಲು ತುರಿಸ್ತಿದೆ."

ಊರೆಲ್ಲ ಸರದಿಯಲ್ಲಿ ನಿಂತು ಆ ಅಂಗಾಲು ತುರಿಸಿತು. ಗಡ್ಡದಜ್ಜ ತನ್ನ ಕುಪ್ಪಿಯನ್ನು ತಾನೇ ತಂದು ಮತ್ತೆ ಇಟ್ಟ. ಕರಣಿಕನಂತೂ ಎಲ್ಲರನ್ನೂ ಅತ್ತೆ, ಮಾವ ಎಂದೇ ಕರೆಯತೊಡಗಿದ. ಝಂಪಾಲನನ್ನು ಪ್ರತಿ ನವರಾತ್ರಿಯಲ್ಲೂ ಅರಮನೆಯ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ಅವನ ಸೋದರಳಿಯ ಬಂದು ದಿನಾ ಮೂಗು ಹಿಂಡಿ ಹೋಗುತ್ತಾನೆ. ಎಲ್ಲರೂ ಸುಖವಾಗಿದ್ದಾರೆ, ಮೂಗೊಂದನ್ನು ಬಿಟ್ಟು.

ಇಷ್ಟೂ ನಿಜ. ಆದರೆ ಮೀಸೆಯ ಮೇಲೆ ಆಣೆ ಇಟ್ಟಿದ್ದೇನಲ್ಲ, ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆ ಕರಡಿಗೆ ಏಳು ತಲೆ ಇರಲಿಲ್ಲ, ಆರೇ. ಹಾಗಾದರೆ ಏಳನೆಯ ಗಡಿಗೆ ಜೇನು ಎಲ್ಲಿ ಹೋಯಿತು ಎಂದು ಮಾತ್ರ ಈ ಮಾವನನ್ನು ಕೇಳಬೇಡಿ.