ಮಾವನ ಲಾರಿಗೆ ಹೊಸ ಮುಳ್ಳು

"ಕೀಲಿ ಇಲ್ಲಿ ಕೊಡಿ ಅಪ್ಪಾ! ಇನ್ನು ಆ ಲಾರಿ ಶೆಡ್ಡು ಬಿಟ್ಟು ಹೊರಗೆ ಬರೋ ಹಾಗಿಲ್ಲ!"

ಊಟಕ್ಕೆ ಕೂತಲ್ಲೇ ಮಗ ಹೀಗೆ ಗುಡುಗಿದಾಗ ಮಾವನವರ ತುತ್ತು ಕೈಯಲ್ಲೇ ಉಳಿಯಿತು. ಸೊಸೆಗೆ ಇಬ್ಬರ ಮುಖ ನೋಡಲೂ ಭಯ. ಗಂಡನ ಕೋಪ ಸುಮ್ಮನೆ ಬಂದದ್ದಲ್ಲ. ಬೆಳಗ್ಗೆ ತಾನೇ ಆ ಮುದಿ ಲಾರಿ ಡೀಸೆಲ್ ಮುಗಿದು ರೈಲು ಹಳಿಯ ಮೇಲೆ ನಿಂತುಬಿಟ್ಟಿತ್ತು. ಒಳಗೆ ಓಡಿಸುತ್ತಿದ್ದ ಮಾವನ ಪಕ್ಕ ಆರು ವರ್ಷದ ಮಗಳು! ಹಾದಿಹೋಕರು ಓಡಿಬಂದು ತಳ್ಳಿದ್ದಕ್ಕೆ ಬದುಕಿಕೊಂಡರು... ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಮಾತ್ರ ಆಗಲೂ ಅರ್ಧ ಟ್ಯಾಂಕು ಇದೆ ಎಂದೇ ತೋರಿಸುತ್ತಿತ್ತಂತೆ.

ಕೀಲಿ ಕೊಟ್ಟು ಎದ್ದುಹೋದ ಮಾವನ ಬೆನ್ನು ನೋಡಿ ಅವಳಿಗೆ ಹಳೆಯದೆಲ್ಲ ನೆನಪಾಯಿತು. ಹೆರಿಗೆಯಾದ ಮೇಲೆ, "ನೀನು ಕೆಲಸಕ್ಕೆ ಹೋಗಮ್ಮ, ಕೂಸನ್ನ ನಾನು ನೋಡ್ಕೋತೀನಿ" ಎಂದು ಅವಳನ್ನು ಮೋಟಾರ್ ರಿಪೇರಿ ಅಂಗಡಿಗೆ ಕಳಿಸಿದವರು ಇದೇ ಮಾವ. ಲಾರಿ ಕಿತ್ತುಕೊಂಡರೆ ಈ ಜೀವ ಉಳಿದೀತೇ?

"ಹಳೇದು ತಂತಿ ಎಳೆದು ಓಡೋ ಮುಳ್ಳು. ನಾನು ಕರೆಂಟಿಂದು ಹಾಕ್ತೀನಿ. ಸರಿಯಾಗಿ ತೋರಿಸಿದ್ರೆ ಅವರ ಕೀಲಿ ಅವರಿಗೆ" ಎಂದು ಗಂಡನನ್ನು ಒಪ್ಪಿಸಿದಳು. ಒಪ್ಪದವರು ಮಾವ!

"ನಲವತ್ತು ವರ್ಷದ ಗಾಡಿ ಅದು! ಅದರ ಹೊಟ್ಟೆ ಬಗೀತೀಯಾ? ಇವತ್ತಿಂದ ನಿನ್ನ ಹತ್ರ ನನಗೆ ಮಾತಿಲ್ಲ!"

ಆಡಿದಂತೆ ನಡೆದರು. ಉಪ್ಪು ಬೇಕಾದರೂ ಮೊಮ್ಮಗಳ ಮುಖಾಂತರವೇ ಅಹವಾಲು ಬರುತ್ತಿತ್ತು.

ಆದರೂ ಮೂರು ದಿನ ಸಂಜೆ ಅವಳು ಶೆಡ್ಡಿನಲ್ಲಿ ಬೆವರು ಸುರಿಸಿದಳು. ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಹೊಸ ಫ್ಲೋಟು, ಅಲ್ಲಿಂದ ಮುಂದಿನ ಮುಳ್ಳಿನ ಹಲಗೆಯವರೆಗೆ ವೈರು. ಡೀಸೆಲ್ ಸುರಿದು ಸ್ವಿಚ್ಚು ಒತ್ತಿದಳು. ಮುಳ್ಳು ಅಲುಗಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ಊಹೂಂ... ಹಾಳು ಕಣ್ಣೀರು ತಾನಾಗಿ ಇಳಿಯತೊಡಗಿತು. ಮಾತೂ ಹೋಯಿತು, ಲಾರಿಯೂ ಹೋಯಿತು!

ಆಗ ಬಾಗಿಲ ಬಳಿ ಮಾವನ ಕೆಮ್ಮು ಕೇಳಿಸಿತು.

"ಪುಟ್ಟೀ, ನಿಮ್ಮಮ್ಮನಿಗೆ ಹೇಳು. ಟ್ಯಾಂಕು ಗಡಗಡ ಅನ್ನುತ್ತೆ ಅಂತ ಅದರ ಕೆಳಗೆ ನಾನು ರಬ್ಬರ್ ಪಟ್ಟಿ ಹಾಕಿದ್ದೆ."

"ಅಮ್ಮಾ, ರಬ್ಬರ್ ಪಟ್ಟಿಯಂತೆ!" ಎಂದು ಪಕ್ಕದಲ್ಲೇ ನಿಂತಿದ್ದ ಪುಟ್ಟಿ ಕೂಗಿದಳು.

ಸೊಸೆ ಹಣೆ ಚಚ್ಚಿಕೊಂಡಳು. ರಬ್ಬರಿನಲ್ಲಿ ಕರೆಂಟು ಹರಿಯದು; ಅದರ ಮೇಲೆ ಕೂತ ಟ್ಯಾಂಕಿನಿಂದ ಅದು ಲಾರಿಯ ಮೈಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವುದಾದರೂ ಹೇಗೆ? ಟ್ಯಾಂಕಿನಿಂದ ಲಾರಿಯ ಕಬ್ಬಿಣಕ್ಕೆ ಒಂದು ತುಂಡು ತಂತಿ ಬಿಗಿದಳು. ಮುಳ್ಳು ಮೆಲ್ಲಗೆ ಎದ್ದು ಕಾಲುಭಾಗದ ಗೆರೆಗೆ ಬಂದು ನಿಂತಿತು.

ಮಾವ ಹತ್ತಿರ ಬಂದು ಅದನ್ನೇ ದಿಟ್ಟಿಸಿದರು. ಈ ಸಲ ಮೊಮ್ಮಗಳ ಹಂಗು ಬೇಕಾಗಲಿಲ್ಲ.

"ಹಳೇ ಮುಳ್ಳು ಸಿಕ್ಕಿಹಾಕ್ಕೊಂಡು ತಿಂಗಳಾಗಿತ್ತಮ್ಮಾ... ನನಗೆ ಗೊತ್ತಿತ್ತು. ಹೇಳಿದ್ರೆ ಗಾಡಿ ಬಿಡಿಸ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಗೊತ್ತಿದ್ದೂ ಮಗೂನ ಕೂರಿಸ್ಕೊಂಡು ಹೋದೆ. ಎಂಥ ಪಾಪಿ ನಾನು!"

ಅಷ್ಟರಲ್ಲಿ ಬಂದಿದ್ದ ಮಗನೂ ಕೇಳಿಸಿಕೊಂಡ. ಬಯ್ಯಲು ಬಾಯಿ ತೆರೆದವನು ಅಪ್ಪನ ಮುಖ ನೋಡಿ ಜೇಬಿಗೆ ಕೈ ಹಾಕಿದ. ಕೊಟ್ಟ ಮಾತಿನಂತೆ ಕೀಲಿ ಮುಂದೆ ಚಾಚಿದ.

"ನನಗೆ ಬೇಡ ಕಣೋ. ಅವಳಿಗೆ ಕೊಡು. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಮಾವಾ..." ಎನ್ನುತ್ತ ಅವಳು ಸೆರಗಿಗೆ ಕೈ ಒರೆಸಿಕೊಂಡು ಕೀಲಿ ತೆಗೆದುಕೊಂಡಳು.

ಮರುದಿನ, ಅಂಗಡಿಯ ವ್ಯಾನು ಓಡಿಸಿ ಅಭ್ಯಾಸವಿದ್ದ ಸೊಸೆ ಲಾರಿಯ ಚಕ್ರ ಹಿಡಿದಳು. ಲಾರಿ ಕುಪ್ಪಳಿಸುತ್ತ ಬೀದಿಗೆ ಬಂತು.

"ಅಯ್ಯೋ, ಕ್ಲಚ್ಚು ಪೂರ್ತಿ ಒತ್ತಮ್ಮಾ! ಇದೇನು ಹೊಲಿಗೆ ಮಿಷನ್ನಾ?"

ಮಾವನ ಬೈಗುಳ ಇಡೀ ಬೀದಿಗೆ ಕೇಳಿಸಿತು. ಮೂರು ದಿನ ಅವರ ಒಂದು ಮಾತಿಗಾಗಿ ಕಾದಿದ್ದ ಸೊಸೆ, ಇನ್ನಷ್ಟು ಬಯ್ಯಲಿ ಎಂದು ಬೇಕೆಂದೇ ಲಾರಿಯನ್ನು ಇನ್ನೊಮ್ಮೆ ಕುಣಿಸಿದಳು.