ಮೂರೂ ಇಪ್ಪತ್ತರ ದನಿ

ಪಂಢರೀನಾಥ ಮಾಸ್ತರರ ತಲೆ ಎರಡು ಕಡೆ ಒಡೆದಿತ್ತು. ಮೈಕಿನ ವೈರು ಕೊರಳಿಗೆ ಮೂರು ಸುತ್ತು ಬಿಗಿದಿತ್ತು. ಸದ್ದು ತಡೆಯಲು ಗೋಡೆಗೆ ತೂಗುಹಾಕಿದ್ದ ಕೌದಿಗಳ ಮೇಲೆ ರಕ್ತ ಸಿಡಿದು ಒಣಗಿತ್ತು.

2008ರ ಅಕ್ಟೋಬರ್. ಇಳಕಲ್. ಮಹಾಕೂಟಕ್ಕೆ ಹೋಗಿದ್ದ ಹೆಂಡತಿ ತುಳಸೀಬಾಯಿ ಸಂಜೆ ಐದಕ್ಕೆ ಮರಳಿ ಬಂದು ಕಂಡದ್ದು ಇದು.

ಸಬ್ ಇನ್‌ಸ್ಪೆಕ್ಟರ್ ಪ್ರಿಯದರ್ಶಿನಿ ಟಾರ್ಚ್ ಹಿಡಿದು ಒಳಬಂದಳು. ಕರೆಂಟಿರಲಿಲ್ಲ. ಹೆಣದ ಪಕ್ಕ ಮೈಕಿನ ಕಬ್ಬಿಣದ ಸ್ಟ್ಯಾಂಡ್ ಬಿದ್ದಿತ್ತು. ಅದರ ಬುಡಕ್ಕೆ ನರೆಗೂದಲು ಅಂಟಿತ್ತು.

ಮಾಸ್ತರರು ನಿವೃತ್ತ ವಿಜ್ಞಾನ ಶಿಕ್ಷಕರು. ಎಲ್ಲರಿಗೂ ತಿಳಿಯುವಂಥ ಐದೈದು ನಿಮಿಷದ ಪಾಠಗಳನ್ನು ರೆಕಾರ್ಡ್ ಮಾಡುತ್ತಿದ್ದರು. ಹಳೆಯ ಶಿಷ್ಯ ರಾಜಕುಮಾರ ಅವನ್ನು ತನ್ನ ಸೈಬರ್ ಕೆಫೆಯಿಂದ ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. ಪಾಡ್‌ಕಾಸ್ಟ್ ಎಂಬ ಶಬ್ದ ಊರಿಗೆ ಹೊಸದು.

ಸೆಲ್ ಹಾಕುವ ಪುಟ್ಟ ರೆಕಾರ್ಡರ್ ಮೇಜಿನ ಮೇಲೇ ಇತ್ತು. ಕೊನೆಯ ರೆಕಾರ್ಡಿಂಗ್ ಅದೇ ದಿನದ್ದು. ಸಮಯ ಮಧ್ಯಾಹ್ನ ಮೂರೂ ಇಪ್ಪತ್ತು.

“ಅಂದ್ರ ಮೂರೂ ಇಪ್ಪತ್ತರ ತನಕ ಜೀವಂತ ಇದ್ರು,” ಎಂದ ಹೆಡ್ ಕಾನ್‌ಸ್ಟೆಬಲ್ ಮೀರಾಸಾಬ.

ಅಷ್ಟರಲ್ಲಿ ದೀಪ ಹೊತ್ತಿತು. ಪಕ್ಕದ ಮನೆಯ ಪಾವರ್‌ಲೂಮುಗಳು ಒಮ್ಮೆಲೇ ಧಡಧಡ ಎಂದವು.

“ಹನ್ನೆರಡಕ್ಕ ಹೋದ ಕರೆಂಟು ಈಗ ಬಂತ್ ನೋಡ್ರಿ,” ಎಂದಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರಂಗವ್ವ.

*

ಮೊದಲು ಸಿಕ್ಕವನು ಬಾಬಣ್ಣ. ನೂಲಿಗೆ ಬಣ್ಣ ಹಾಕುವವನು. ಅವನ ಬಣ್ಣದ ನೀರು ಓಣಿಯ ಬಾವಿಗೆ ಇಳಿಯುತ್ತಿದೆ ಎಂದು ಮಾಸ್ತರರು ಹೇಳಿದ್ದಕ್ಕೆ, “ನಾಲಿಗಿ ಕಿತ್ತು ಕೈಯಾಗ ಕೊಡ್ತೇನಿ,” ಎಂದು ಬಸ್‌ಸ್ಟ್ಯಾಂಡಿನಲ್ಲೇ ಅಬ್ಬರಿಸಿದ್ದ. ಅಂಗಿಯ ತೋಳಿನಲ್ಲಿ ಕೆಂಪು ಕಲೆ.

“ಬಣ್ಣಾರಿ ಅದು!”

ಮೀರಾಸಾಬನ ಏಟಿಗೆ ಅವನ ತುಟಿ ಒಡೆಯಿತು.

“ಸಾಕು,” ಎಂದಳು ಪ್ರಿಯದರ್ಶಿನಿ. “ಎಲ್ಲಿದ್ದಿ?”

“ಹತ್ತರಿಂದ ಎರಡರ ತನಕ ಹುನಗುಂದ ಕೋರ್ಟಿನ್ಯಾಗ. ಮೂರಕ್ಕ ಮನಿಗೆ ಬಂದು ಮಲಗಿದೆ. ನೋಡಿದಾವ್ರು ಯಾರೂ ಇಲ್ಲರಿ.”

ರಾಜಕುಮಾರ ಬಿಕ್ಕಿ ಬಿಕ್ಕಿ ಅತ್ತ. “ಒಂದರಿಂದ ಐದರ ತನಕ ಹುನಗುಂದದಾಗ ಅಕ್ಕನ ಮಗಳ ನಿಶ್ಚಯದಾಗ ಇದ್ದೇರಿ. ಫೋಟೋ ಅದಾವ. ಬಾಬಣ್ಣನ್ನ ಬಿಡಬ್ಯಾಡ್ರಿ ಮೇಡಂ.”

*

ಮರುದಿನ ಮುಂಜಾನೆ ಪ್ರಿಯದರ್ಶಿನಿ ಇಯರ್‌ಫೋನ್ ಹಾಕಿಕೊಂಡು ಕೇಳಿದಳು. ಬಾವಿಯ ನೀರು ಹೇಗೆ ಕೆಡುತ್ತದೆ ಎಂಬ ಪಾಠ. ನಿಧಾನದ, ಅಕ್ಕರೆಯ ದನಿ. ನಾಲ್ಕನೇ ನಿಮಿಷಕ್ಕೆ ತಟ್ಟನೆ ನಿಂತಿತು. ಮತ್ತೊಮ್ಮೆ ಕೇಳಿದಳು. ದನಿಯ ಹಿಂದೆ, ಕೌದಿಗಳಾಚೆ, ಧಡಧಡ.

ಕರೆಂಟಿಲ್ಲದೆ ಮಗ್ಗ ಓಡುವುದು ಹೇಗೆ?

ಅವಳು ನೇರ ತುಳಸೀಬಾಯಿಯ ಬಳಿ ಹೋದಳು.

“ಆ ಮಷೀನು ಯಾರ್ ನೋಡ್ಕೋತಿದ್ರು?”

“ರಾಜೂನ. ಇವರಿಗೆ ಗುಂಡಿ ಒತ್ತೂದು ಬಿಟ್ರ ಬ್ಯಾರೆ ತಿಳೀತಿರ್ಲಿಲ್ಲ.”

ಹಾಸಿಗೆಯ ಕೆಳಗೆ ಮಾಸ್ತರರ ಕಚ್ಚಾ ವಹಿ ಸಿಕ್ಕಿತು. ಆ ಪಾಠವೂ ಅದರಲ್ಲಿತ್ತು. ರೆಕಾರ್ಡಿಂಗಿನಲ್ಲಿ ಇಲ್ಲದ ಒಂದು ಕೊನೆಯೂ ಇತ್ತು: “ಈ ಪಾಠಗಳನ್ನು ಬರೆದವನು ನಾನು. ರಾಜಕುಮಾರ ಇವನ್ನು ತನ್ನ ಹೆಸರಿನಲ್ಲಿ ಬೆಂಗಳೂರಿನ ಸ್ಪರ್ಧೆಗೆ ಕಳಿಸಿ ಬಹುಮಾನ ಪಡೆದಿದ್ದಾನೆ. ಕೇಳುಗರು ಕ್ಷಮಿಸಬೇಕು.”

*

ಸೈಬರ್ ಕೆಫೆಯಲ್ಲಿ ಅವಳು ವಹಿಯನ್ನು ಮೇಜಿನ ಮೇಲಿಟ್ಟಳು. ಹಿಂದೆ ಮೀರಾಸಾಬ. ಬಾಗಿಲಲ್ಲಿ ತುಳಸೀಬಾಯಿ.

“ಮಗ್ಗ ಓಡಿದ್ದು ಹನ್ನೆರಡರ ಒಳಗ. ಆವಾಗ ಬಾಬಣ್ಣ ಕೋರ್ಟಿನ್ಯಾಗಿದ್ದ. ನೀ ಊರಾಗಿದ್ದಿ. ಪಾಠಕ್ಕ ಮೊದಲ ರೆಕಾರ್ಡರಿನ ಗಡಿಯಾರ ಮೂರೂ ಇಪ್ಪತ್ತಕ್ಕ ಮುಂದಿಟ್ಟಿ, ಅವರನ್ನ ಕೊಂದಿ, ಆಮ್ಯಾಲೆ ಖರೇ ಟೈಮಿಗೆ ಹಿಂದಿಟ್ಟಿ. ಸಿಟ್ಟಿನ ಭರದಾಗ ಅನ್ನಂಗಿಲ್ಲ ರಾಜಕುಮಾರ. ಮನಿಯಿಂದ ಹೊಂಡುವಾಗನ ಕೊಲ್ಲಾಕ ಹೊಂಟಿದ್ದಿ.”

ರಾಜಕುಮಾರ ಕುರ್ಚಿ ಎತ್ತಿ ಬೀಸಿದ. ಮೀರಾಸಾಬನ ಹುಬ್ಬು ಸೀಳಿತು. ಪ್ರಿಯದರ್ಶಿನಿ ಅವನ ತೋಳು ತಿರುವಿ ಮುಖವನ್ನು ಮೇಜಿಗೆ ಅಪ್ಪಳಿಸಿದಳು. ಮೂಗಿನಿಂದ ರಕ್ತ ಸುರಿಯಿತು.

“ನಾಳೆ ಎಲ್ಲಾರಿಗೂ ಹೇಳ್ತೇನಿ ಅಂದ್ರು,” ಅವನು ಏದುಸಿರು ಬಿಟ್ಟ. “ಕಾಲ್ ಹಿಡದೆ. ಕೇಳ್ಲಿಲ್ಲ. ಮರುದಿನ ಮೊದಲನೇ ಏಟಿಗೆ ಬಿದ್ರು. ‘ಹೇಳೂದಿಲ್ಲ, ಬಿಡೋ ರಾಜೂ’ ಅಂದ್ರು.”

“ಆಮ್ಯಾಲೆ?”

“ನನಗ ನಂಬಿಕಿ ಬರ್ಲಿಲ್ಲ.”

ತುಳಸೀಬಾಯಿ ಒಳಗೆ ಬಂದರು. ಅವನ ಕೂದಲು ಹಿಡಿದು ಮುಖ ಮೇಲೆತ್ತಿದರು.

“ನಲವತ್ತು ವರ್ಷ ಸಂಸಾರ ಮಾಡೇನಿ,” ಎಂದರು. “ಆ ಮನಷ್ಯಾ ಒಂದ ಸಲ ಕೊಟ್ಟ ಮಾತು ಎಂದೂ ಮುರೀಲಿಲ್ಲ.”